ಟವೆಲ್ಲಿನಡಿಯ ಡಾಲರು

ನಾನೊಂದು ಕೆಲಸ ಕಲಿತರೆ ಸಾಕು, ಅದನ್ನು ಕೆಡಿಸೋಕೆ ಅಂತಲೇ ಜನ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ತೊಂಬತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಮನೆ ಚಾಮರಾಜನಗರದಲ್ಲಿ, ದಿನಾ ಬಸ್ಸಿನಲ್ಲಿ ನಿಂತೇ ಓಡಾಟ. ಊಟಿಗೆ ಹೋಗುವ ಫಾರಿನ್ನಿನವರು ಈ ದಾರಿಯಲ್ಲೇ ಬರುತ್ತಾರೆಂದು ನಮ್ಮಲ್ಲಿ ಡಾಲರ್ ಕೌಂಟರ್ ತೆರೆದರು. ನನ್ನನ್ನು ಮೈಸೂರಿಗೆ ತರಬೇತಿಗೆ ಕಳಿಸಿದರು. "ತಕರಾರಿಲ್ಲದೆ ಒಂದೇ ಒಂದು ಡಾಲರ್ ವ್ಯವಹಾರ ಮಾಡಿ ತೋರಿಸ್ರೀ, ನಿಮ್ಮೂರಿಗೇ ವರ್ಗ ಮಾಡಿಸ್ತೀನಿ" ಅಂದರು ಮ್ಯಾನೇಜರು. ಒಂದೇ ತಾನೇ ಅಂತ ನನಗೆ ನಗು ಬಂತು. ಆಮೇಲೆ ಬರಲಿಲ್ಲ.

ಕೊಳೆಯದ ಮಾಲು

ಮೊದಲು ಬಂದವರು ಹೈವೇ ಹೋಟೆಲಿನ ಯಜಮಾನರು. ಡಾಲರ್ ನೋಟು ಕೈಯಲ್ಲೇ ಇತ್ತು, ಕಣ್ಣು ಮಾತ್ರ ಕೌಂಟರಿನ ರೇಟು ಬೋರ್ಡಿನ ಮೇಲೆ.

"ಒಂದೇ ನೋಟ್ಗೆ ಎರಡು ರೇಟ್ ಯಾಕ್ ಸಾ?"

"ಒಂದು ನಾವು ಕೊಳ್ಳೋ ರೇಟು, ಇನ್ನೊಂದು ಮಾರೋ ರೇಟು. ನೀವು ಬಾಳೆಹಣ್ಣು ಕಮ್ಮಿಗೆ ತಗೊಂಡು ಜಾಸ್ತಿಗೆ ಮಾರಲ್ವಾ?"

"ಬಾಳೆಹಣ್ಣು ಕೊಳೀತದೆ, ಅದ್ಕೆ ಆ ಲೆಕ್ಕ. ನಿಮ್ ನೋಟು ಕೊಳೀತದಾ?"

ನಾನು ತರಬೇತಿಯ ಪುಸ್ತಕ ತಿರುವಿಹಾಕಿದೆ. ಅವರು ನೋಟು ಜೇಬಿಗಿಟ್ಟುಕೊಂಡು ಹೊರಟೇಹೋದರು.

ದಿನದ ರೇಟು

ರೇಟು ಮೈಸೂರಿನಿಂದ ಫೋನಿನಲ್ಲಿ ಬರಬೇಕು. ಲೈನು ಸಿಗುವಷ್ಟರಲ್ಲಿ ಗಂಟಲು ಹರಿದುಹೋಗುತ್ತಿತ್ತು. ಬೋರ್ಡಿನ ಮೇಲೆ ಬರೆದು ಕೂತ ಕೂಡಲೇ ಅರಿಶಿನ ಬೆಳೆಯುವ ಗೌಡರೊಬ್ಬರು ಬಂದು, "ಇವತ್ತು ಡಾಲರ್ ಎಂಗೆ?" ಅನ್ನೋರು. ಹದಿನೈದು ದಿನ ಹೇಳಿದೆ. ಕೊನೆಗೆ ತಾಳ್ಮೆ ಕೆಟ್ಟು, "ಎಷ್ಟಿದೆ ಗೌಡ್ರೆ ನಿಮ್ಮತ್ರ?" ಅಂದೆ.

"ನನ್ತಾವ ಎಲ್ಲಿ ಬಂದದು ಸಾ? ರೇಡಿಯೋ ಕೆಟ್ಟೋಗದೆ."

ಬೊಟ್ಟಿಟ್ಟ ನೋಟು

ಬಸ್‌ಸ್ಟ್ಯಾಂಡಿನ ಹೂವಿನಮ್ಮನಿಗೆ ಯಾರೋ ವಿದೇಶಿ ಹೆಂಗಸು ಡಾಲರ್ ಕೊಟ್ಟಿದ್ದಳು. ಮಡಚಬೇಡಿ, ಕೊಳೆ ಮಾಡಬೇಡಿ ಅಂತ ನಾನೇ ಹೋಗಿ ಹೇಳಿ ಬಂದೆ. ಶುಕ್ರವಾರ ತಂದರು. ನೋಟಿನ ತುಂಬ ಅರಿಶಿನ, ಚಿತ್ರದ ಹಣೆಗೆ ಸರಿಯಾಗಿ ಕುಂಕುಮ. ಇದನ್ನು ಮೈಸೂರಿನವರು ಮುಟ್ಟೋದೂ ಇಲ್ಲ ಅಂದೆ.

"ಲಕ್ಷ್ಮಿ ಕಣಪ್ಪ. ಬರೀ ಅಣೇಲಿ ಕಳ್ಸಾಕಾಯ್ತದಾ?"

"ಅಮ್ಮಾ, ಅದರಲ್ಲಿರೋದು ಗಂಡಸು."

"ಅದ್ಕೇ ಕಣಪ್ಪ ಊವ ಮುಡುಸ್ನಿಲ್ಲ."

ಟವೆಲ್ಲು

ಆಮೇಲೆ, ನನ್ನ ಬಸ್ಸಿನ ದಾರಿಯ ನಡುವೆ ಸಿಗುವ ತೆರಕಣಾಂಬಿ ಕಡೆಯ ದನದ ದಲ್ಲಾಳಿ ಬಂದ. ಅವನ ಎತ್ತುಗಳ ಜೊತೆ ಫೋಟೋ ತೆಗೆಸಿಕೊಂಡ ಬಿಳಿಯನೊಬ್ಬ ಗರಿಗರಿ ನೋಟು ಕೊಟ್ಟಿದ್ದ. ಅವತ್ತು ಹೆಡ್ಡಾಫೀಸಿನ ಸಾಹೇಬರು ಬೇರೆ ತಪಾಸಣೆಗೆ ಬಂದಿದ್ದರು. ಚಾಮರಾಜನಗರ ಕಣ್ಣೆದುರಿಗೇ ಬಂದಂತಾಯಿತು. ಬೋರ್ಡು ತೋರಿಸಿದೆ.

"ಅದು ಊರೋರ್ಗೆ ಬರ್ದಿರದು. ಯಾಪಾರ ಇಂಗಾ ಮಾಡದು?" ಅಂದವನೇ ನನ್ನ ಕೈ ಎಳೆದು, ಅದರ ಮೇಲೆ ತನ್ನ ಟವೆಲ್ ಮುಚ್ಚಿ, ಅಡಿಯಲ್ಲಿ ಬೆರಳು ಹಿಡಿದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಹೀಗೆ ಬೆರಳು ಒತ್ತಿಯೇ ತಿಳಿಸುತ್ತಾರೆ. ನಾಲ್ಕು ಬೆರಳು ಒತ್ತಿದ. ನಲವತ್ತು ಅಂತ.

"ಅಯ್ಯೋ ಮಾರಾಯ, ರೇಟು ಮೈಸೂರಿನವರು..."

"ಬಾಯ್ ಬುಡ್ಬೇಡಿ ಸಾ. ಪಕ್ಕದೋರು ಕೇಳುಸ್ಕತರೆ."

ಬೋರ್ಡಿನಲ್ಲಿ ನಾವು ಕೊಳ್ಳೋ ರೇಟು ಇದ್ದದ್ದು ಮೂವತ್ತೈದು. ಏನಾದರೂ ಆಗಲಿ ಅಂತ ಮೂರು ಬೆರಳು ಒತ್ತಿ, ಆಮೇಲೆ ಐದು ಒತ್ತಿದೆ. ಅವನು ತಲೆಯಾಡಿಸಿ ಬೇರೆ ಒತ್ತಿದ. ನಾನು ಮತ್ತೆ ಅದನ್ನೇ ಒತ್ತಿದೆ. ಹೀಗೇ ನಡೆದು ನನ್ನ ಬೆರಳು ಕೆಂಪಾದ ಮೇಲೆ ಅವನು ನಕ್ಕ. "ಗಟ್ಟಿ ಆಳು ಕಣ್ ಸಾ ನೀವು. ಆಯ್ತು" ಅಂತ ಬೋರ್ಡಿನ ರೇಟಿಗೇ ಒಪ್ಪಿ, ಸಂತೋಷವಾಗಿ ದುಡ್ಡು ತೆಗೆದುಕೊಂಡು ಹೋದ. ತಿರುಗಿ ನೋಡಿದರೆ ಸಾಹೇಬರೂ ಮ್ಯಾನೇಜರೂ ನನ್ನ ಹಿಂದೆಯೇ ನಿಂತಿದ್ದರು.

ಮ್ಯಾನೇಜರು ಮಾತಿಗೆ ತಪ್ಪಲಿಲ್ಲ, ವರ್ಗಕ್ಕೆ ಬರೆದರು. ಆದರೆ ಗಿರಾಕಿಗಳ ರೀತಿ ನೀತಿ ಇಷ್ಟು ಬಲ್ಲವನು ತೆರಕಣಾಂಬಿ ಶಾಖೆಯಲ್ಲೇ ಇರಬೇಕು ಅಂತ ಸಾಹೇಬರು ಆರ್ಡರ್ ಕಳಿಸಿದರು. "ಅರ್ಧ ದಾರಿಯಾದ್ರೂ ಬಂದ್ರಲ್ಲ" ಅಂದಳು ಹೆಂಡತಿ.

ಅಲ್ಲಿ ಡಾಲರ್ ಕಾಟ ಇಲ್ಲವಲ್ಲ ಅಂತ ನಾನೂ ಸಮಾಧಾನ ಮಾಡಿಕೊಂಡೆ. ಮೊದಲ ದಿನವೇ ಒಬ್ಬರು ಬೆಳೆ ಸಾಲಕ್ಕೆ ಬಂದರು. ಕೂರಲು ಹೇಳಿ ಅರ್ಜಿ ಮುಂದಿಟ್ಟೆ. ಅವರು ಅದನ್ನು ಪಕ್ಕಕ್ಕೆ ಸರಿಸಿ, ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿದರು.

"ದಲ್ಲಾಳಿ ಎಲ್ಲಾನೂ ಏಳವ್ನೆ ಸಾ. ಕೈ ಈಕಡೆ ತನ್ನಿ, ಬಡ್ಡಿ ಮಾತಾಡ್ಬುಡನ."