ನೆಲದಲ್ಲಿ ಸಿಕ್ಕ ಪಾತಾಳ

ಬಂದಿದ್ದು ಒಂದೇ ಒಂದು ಸೀನು. ಬೆಳಕಪ್ಪ ಮೂಗು ಒರೆಸಿಕೊಂಡು ಕೆಳಗೆ ನೋಡುವಷ್ಟರಲ್ಲಿ ಗಾಜಿನ ತಟ್ಟೆಯ ಮೇಲಿದ್ದ ನೀಲಿ ಹರಳು ಮಾಯ.

ಹರಳು ಎಂದರೆ ಉಂಗುರಕ್ಕೆ ಕೂರಿಸುವಂಥದ್ದಲ್ಲ, ಸಾಸಿವೆ ಕಾಳಿನ ಹತ್ತನೇ ಒಂದು ಪಾಲು. ಭೂಮಿಯೊಳಗೆ ಐನೂರು ಕಿಲೋಮೀಟರ್ ಆಳದಲ್ಲಿರುವಷ್ಟೇ ಕಾವು, ಒತ್ತಡ ಕೊಟ್ಟು ಲ್ಯಾಬಿನಲ್ಲೇ ಮಾಡಿದ್ದು. ಮೂರು ತಿಂಗಳು ಸುಟ್ಟು, ಒಡೆದು, ಕೊನೆಗೆ ದಕ್ಕಿದ್ದು ಅದೊಂದೇ. ಅಂಥ ಕಲ್ಲಿನೊಳಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಎಷ್ಟು ನೀರು ಸೇರಿಕೊಂಡಿದೆ, ಕಲ್ಲು ಎಷ್ಟು ಮೆದುವಾಗಿದೆ ಎಂದು ತಿಳಿಯುವುದು ಅವನ ಕೆಲಸ. ಬೆಳಕಪ್ಪನೆಂಬ ಹೆಸರು ಬಂದಿದ್ದೂ ಅದರಿಂದಲೇ.

ಮೂರು ಗಂಟೆಗೆ ಅಳತೆ ನೋಡಲು ಸಮಿತಿ ಬರುವುದಿತ್ತು. ಅಳತೆ ಚೆನ್ನಾಗಿ ಬಂದರೆ ಅವನ ತಾತ್ಕಾಲಿಕ ಕೆಲಸ ಕಾಯಂ ಎಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ಮಾತು ಕೊಟ್ಟಿದ್ದರು. ಇಲ್ಲದಿದ್ದರೆ ಇನ್ನು ಹನ್ನೆರಡೇ ದಿನ.

"ಒತ್ತಣ್ಣಾ! ಹರಳು ಹಾರಿಹೋಯ್ತು!"

ಪಕ್ಕದ ಕೋಣೆಯಲ್ಲಿ ಹರಳು ಮಾಡುವ ಒತ್ತುಯಂತ್ರ ನಡೆಸುವ ಒತ್ತಣ್ಣ ಓಡಿಬಂದ. ಅಚ್ಚರಿಯೆಂದರೆ ಅವನ ಮುಖ ಅರಳಿತು. "ಹೋಯ್ತಾ? ಪೂರ್ತಿ ಹೋಯ್ತಾ? ಬಿಡು ಮಾರಾಯ, ಹುಡುಕೋಕೆ ಹೋಗ್ಬೇಡ."

"ಹೊಟ್ಟೆ ಉರಿಸ್ಬೇಡ, ಬಗ್ಗೋ!"

ಶುಚಿ ಕೆಲಸದ ಚಿಕ್ಕಮ್ಮ ಟಾರ್ಚು ಹಿಡಿದು ಬಂದಳು. ಮೂವರೂ ಎದೆ ನೆಲಕ್ಕೆ ತಾಗಿಸಿ ಹಲ್ಲಿಗಳಂತೆ ತೆವಳಿದರು. ಎರಡೂವರೆಗೆ ಮೇಜಿನ ಕಾಲಿನ ಬಳಿ ಚಿಕ್ಕಮ್ಮ ಕೂಗಿದಳು, "ಇದೇನೋ ನೀಲಿ ಮಿಣಕ್ ಅಂತಿದೆ ನೋಡಪ್ಪ!"

ಬೆಳಕಪ್ಪ ಅವಳ ಕಾಲಿಗೆ ಬೀಳುವುದೊಂದೇ ಬಾಕಿ. ಚುಕ್ಕೆಯನ್ನು ಸೂಜಿಮೊನೆಯಲ್ಲಿ ಎತ್ತಿ, ತೊಳೆದು, ಯಂತ್ರದೊಳಗೆ ಕೂರಿಸಿದ. ಒತ್ತಣ್ಣ ಮಾತ್ರ ಆ ಚುಕ್ಕೆಯನ್ನು ದೆವ್ವ ಕಂಡವನಂತೆ ನೋಡುತ್ತಿದ್ದ.

ಸಮಿತಿಯ ಎದುರಿಗೇ ಪರದೆಯ ಮೇಲೆ ಗೆರೆ ಎದ್ದಿತು. ನೀರನ್ನು ತೋರಿಸುವ ಜಾಗದಲ್ಲಿ ಅದು ಎಲ್ಲರೂ ಎಣಿಸಿದ್ದಕ್ಕಿಂತ ಮೂರು ಪಟ್ಟು ಮೇಲೇರಿತು. ಮೇಡಂ ಕುರ್ಚಿ ಹಿಡಿದುಕೊಂಡರು.

"ಪಾತಾಳದಲ್ಲಿ ಸಮುದ್ರಾನೇ ಇದೆಯಲ್ರೀ!" ಸಮಿತಿಯ ಅಧ್ಯಕ್ಷರ ಕಣ್ಣು ಹೊರಬಿತ್ತು. "ನಾಳೇನೇ ಪ್ರಕಟಿಸಿ. ಅಳೆದವರ ಹೆಸರು ಮೊದಲು ಬರಲಿ."

ಮೇಡಂ ಅಲ್ಲೇ ಕಾಯಂ ಪತ್ರ ತೆಗೆದು ಸಹಿ ಹಾಕಿದರು. ಬೆಳಕಪ್ಪನ ಕೈ ಪತ್ರದ ತನಕ ಹೋಯಿತು, ಅಲ್ಲೇ ನಿಂತಿತು. ಹೆಸರು ಹಾಕಿ ಸುಳ್ಳು ಹೇಳುವಷ್ಟು ಧೈರ್ಯ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ.

"ಮೇಡಂ, ಹರಳು ಬಿದ್ದುಹೋಗಿತ್ತು. ಇದು ನೆಲದಲ್ಲಿ ಸಿಕ್ಕಿದ್ದು. ಅದೇ ಇದು ಅಂತ ನಾನು ಆಣೆ ಇಟ್ಟು ಹೇಳಲಾರೆ."

ಪತ್ರ ಮೆಲ್ಲಗೆ ಹಿಂದೆ ಸರಿಯಿತು.

"ಅದೇ ಹರಳು ಮೇಡಂ!" ಒತ್ತಣ್ಣ ಅಳುಮೋರೆಯಲ್ಲಿ ಮುಂದೆ ಬಂದ. "ಇವನು ಕಳೆದಿದ್ದು ಹರಳೇ ಅಲ್ಲ. ಅಸಲಿದು ಎಂಟು ದಿನದ ಹಿಂದೆ ನನ್ನ ಕೈಯಿಂದ ಇದೇ ಮೇಜಿನ ಹತ್ರ ಜಾರಿತ್ತು. ಭಯಕ್ಕೆ ನೀಲಿ ಬಾಟ್ಲಿ ಚೂರು ಇಟ್ಟುಬಿಟ್ಟೆ. ಬಾಟ್ಲಿ ಚೂರಲ್ಲಿ ಇಷ್ಟು ನೀರಿನ ಗೆರೆ ಏಳಲ್ಲ, ಈಗ ಸಿಕ್ಕಿರೋದೇ ಅಸಲಿ!"

ಬೆಳಕಪ್ಪ ಬಾಯಿ ತೆರೆದವನು ಮುಚ್ಚಲು ಮರೆತ. ಹಾಗಾದರೆ ಅಳತೆ ನಿಜ! ಪಾತಾಳದ ಸಮುದ್ರ ನಿಜ! ಪತ್ರ ಇನ್ನೂ ಮೇಜಿನ ಮೇಲೆಯೇ ಇತ್ತು.

ಅಧ್ಯಕ್ಷರು ತಲೆ ಕೆರೆದುಕೊಂಡರು. "ಎಂಟು ದಿನ ನೆಲದಲ್ಲಿ ಬಿದ್ದಿದ್ದರೂ ಹರಳು ಹರಳೇ ತಾನೇ? ಒಣಗಿದ ನೆಲ, ಏನಾಗುತ್ತೆ..."

"ಒಣಗಿದ ನೆಲಾನಾ?" ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನಿಗೆ ರೇಗಿತು. "ಏನ್ ಸ್ವಾಮಿ ಹೀಗಂತೀರಾ? ದಿನಾ ಎರಡು ಹೊತ್ತು ಬಕೆಟ್‌ಗಟ್ಟಲೆ ನೀರು ಹುಯ್ದು ಒರೆಸ್ತೀನಿ! ಆ ಮೂಲೇಲಂತೂ ನೀರು ನಿಂತೇ ಇರುತ್ತೆ!"

ಅಧ್ಯಕ್ಷರು ಒಮ್ಮೆ ಪರದೆಯ ಗೆರೆ ನೋಡಿದರು, ಒಮ್ಮೆ ಚಿಕ್ಕಮ್ಮನನ್ನು ನೋಡಿದರು. "ಸಮುದ್ರ ಯಾರದು ಅಂತ ಗೊತ್ತಾಯ್ತು" ಎಂದು ಪೆನ್ನಿಗೆ ಮುಚ್ಚಳ ಹಾಕಿದರು.

"ಇಲ್ಲ ಸರ್, ಅದು ಒಳಗಿನ ನೀರೇ! ಗೆರೆ ನೋಡಿದ್ರೆ ಗೊತ್ತಾಗುತ್ತೆ!" ಬೆಳಕಪ್ಪ ಗೋಗರೆದ.

"ಯಾರ ಮಾತು ನಂಬಿ ಬರೀಲಿ?" ಮೇಡಂ ಪತ್ರವನ್ನು ಉದ್ದಕ್ಕೆ ಹರಿದರು. "ಬೀಳಿಸಿದವನದ್ದಾ, ಬದಲಾಯಿಸಿದವನದ್ದಾ? ಹೊಸ ಹರಳು ಮಾಡಿ, ಮತ್ತೆ ಅಳೀರಿ."

"ಮೂರು ತಿಂಗಳು ಬೇಕು ಮೇಡಂ" ಎಂದ ಒತ್ತಣ್ಣ.

ಬೆಳಕಪ್ಪನಿಗಿದ್ದದ್ದು ಹನ್ನೆರಡು ದಿನ.