ಮಳೆ ಬಂದರೆ ಹೀಗೆ ಆಡಬೇಕು

ನನಗೆ ಫುಟ್‌ಬಾಲ್ ಆಡಲು ಬರುವುದಿಲ್ಲ. ಅದಕ್ಕೇ ನಾನು ಕೋಚ್ ಆದೆ. ಆಡಲು ಬರುವವರು ಗೆರೆಯ ಒಳಗೆ ಆಡುತ್ತಾರೆ, ಬಾರದವರು ಹೊರಗೆ ನಿಂತು ಕೂಗುತ್ತಾರೆ. ದೊಡ್ಡ ದೇಶಗಳಲ್ಲೂ ಇಷ್ಟೇ, ಅಲ್ಲಿ ಕೋಟು ಹಾಕಿಕೊಂಡು ಕೂಗುತ್ತಾರೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪೋತ್ನಾಳದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದೇನೆ. ಚೆಂಡಿಗೆ ಗಾಳಿ ಹಾಕಿಸಲು ಬರುತ್ತಿದ್ದ ರೈಸ್ ಮಿಲ್ಲಿನ ಹಮಾಲರೇ ನನ್ನನ್ನು ಕೋಚ್ ಮಾಡಿದರು. ಗಾಳಿ ಪುಕ್ಕಟೆ ಸಿಗುತ್ತದಲ್ಲ. ಪಂಕ್ಚರ್ ಹಾಕುವವನಿಗೆ 'ಸರ್' ಅನ್ನುವವರು ಇಡೀ ಲೋಕದಲ್ಲಿ ಈ ಹನ್ನೊಂದೇ ಜನ. ಹಾಗಾಗಿ ಮಿಲ್ಲಿನ ಸಾಹುಕಾರರು, "ತಮ್ಮಾ, ಜಾಲಹಳ್ಳಿಯವ್ರ ಮುಂದ ಸೋತ್ರ ನಿನ್ನ ಕೋಚ್‌ಗಿರಿ ಮುಗೀತು ನೋಡು. ರಾಯಚೂರಿಂದ ಕಲಿತಾಂವನ್ನ ಕರಸ್ತೀನಿ" ಅಂದಾಗ ನನಗೆ ಅನ್ನ ಇಳಿಯಲಿಲ್ಲ.

ಆಟದ ದಿನ ಮೋಡ ಕಟ್ಟಿತ್ತು. ಮೋಡ ನೋಡಿ ದೊಡ್ಡ ಕೋಚ್‌ಗಳು ಆಟವನ್ನೇ ಬದಲಿಸುತ್ತಾರೆಂದು ಮೊಬೈಲಿನಲ್ಲಿ ನೋಡಿದ್ದೆ. ನಮ್ಮದೋ ಎರೆಮಣ್ಣಿನ ಮೈದಾನ. ನಾಲ್ಕು ಹನಿ ಬಿದ್ದರೆ ಒಂದೊಂದು ಬೂಟಿಗೂ ಅರ್ಧ ಹೊಲ ಅಂಟಿಕೊಳ್ಳುತ್ತದೆ. ಎಲ್ಲರನ್ನೂ ಕೂಡಿಸಿ ಹೇಳಿದೆ: "ಮಳಿ ಬಂತಂದ್ರ ಬೂಟು ಬಿಚ್ಚಿ ಒಗೀರಿ. ಚೆಂಡು ನೆಲದ ಮ್ಯಾಲ ಉರುಳಸಬ್ಯಾಡ್ರಿ, ಎತ್ತಿ ಹೊಡೀರಿ. ದೂರದಿಂದನ ಗೋಲಿಗೆ ಹೊಡೀರಿ, ಅವ್ರ ಕೀಪರ್ ಕೈ ಜಾರ್ತದ."

ನಮ್ಮ ಕೀಪರ್ ಬಸಣ್ಣ ಕೇಳಿದ: "ಸರ್, ನನ್ನ ಕೈನೂ ಜಾರ್ತದಲ್ರಿ?"

"ನೀ ಹಿಡಿಯಾಕ ಹೋಗಬ್ಯಾಡಲೇ, ಗುದ್ದಿ ದೂರ ತಳ್ಳು. ಏನಾರ ಆಗ್ಲಿ, ಗೋಲ್ ಬಿಟ್ಟು ಕದಲಬ್ಯಾಡ."

"ಸಿಡಿಲು ಬಿದ್ರೂ ಕದಲಂಗಿಲ್ರಿ."

ಎರಡೂ ಕಡೆ ಒಂದೊಂದು ಗೋಲಾಗಿತ್ತು. ಮುಗಿಯಲು ಹತ್ತು ನಿಮಿಷ ಇರುವಾಗ ಹನಿ ಬಿತ್ತು.

ಮೈದಾನದ ಪಕ್ಕ ರಸ್ತೆಯ ಮೇಲೆ ಯಾರದೋ ಭತ್ತ ಒಣಗುತ್ತಿತ್ತು. ನಮ್ಮ ಕಡೆ ಹನಿ ಬಿದ್ದರೆ ಯಾರ ಭತ್ತ ಅಂತ ಯಾರೂ ಕೇಳುವುದಿಲ್ಲ. ಹತ್ತಿರ ಇದ್ದವರು ಓಡಿಹೋಗಿ ತಾಡಪತ್ರಿ ಹೊದಿಸುತ್ತಾರೆ. ಅದರಲ್ಲೂ ಮಿಲ್ಲಿನಲ್ಲಿ ದುಡಿದವರ ಕಾಲು ತಲೆಯನ್ನು ಕೇಳಿ ಓಡುವುದಿಲ್ಲ. ನಾನೂ ಐದು ವರ್ಷ ಅಲ್ಲಿ ಚೀಲ ಹೊತ್ತವನೇ.

"ಭತ್ತ ತೋಯ್ತದ್ರೋ!" ಅಂತ ಒಂದು ಕೂಗು ಎದ್ದಿತು. ಹನ್ನೊಂದೂ ಜನ ಮೈದಾನ ಬಿಟ್ಟು ರಸ್ತೆಯಲ್ಲಿದ್ದರು, ಸಿಡಿಲಿಗೂ ಕದಲದ ಬಸಣ್ಣ ಸಹಿತ.

ಜಾಲಹಳ್ಳಿ ಕೋಚ್ ತನ್ನವರನ್ನು ತಡೆದ. "ನಿಲ್ರಿ ಲೇ! ಇದೇನೋ ಹೊಸಾ ಪ್ಲ್ಯಾನ್ ಅದ. ಮೋಸ ಹೋಗಬ್ಯಾಡ್ರಿ!" ಪಾಪ, ಖಾಲಿ ಗೋಲಿನ ಮುಂದೆ ಅವರು ಎಷ್ಟೋ ಹೊತ್ತು ಅನುಮಾನದಿಂದ ನಿಂತೇ ಇದ್ದರಂತೆ. ಕೊನೆಗೆ ಒಬ್ಬ ಹೆದರುತ್ತಲೇ ಚೆಂಡನ್ನು ಒಳಗೆ ಉರುಳಿಸಿದ. ರೆಫರಿ ಗೋಲೆಂದು ಸೀಟಿ ಊದಿದ. ನಾವು ತಾಡಪತ್ರಿಯ ಮೇಲೆ ಕಲ್ಲು ಹೇರಿ ವಾಪಸ್ ಬರುವಷ್ಟರಲ್ಲಿ ಮಳೆಯೂ ನಿಂತಿತ್ತು, ಆಟದ ಹೊತ್ತೂ ಮುಗಿದಿತ್ತು. ಬೂಟು ಬಿಚ್ಚುವಷ್ಟೂ ಕೆಸರಾಗಲಿಲ್ಲ. ಸೋತೆವು.

ಸಾಹುಕಾರರು ಹಲ್ಲು ಕಡಿಯುತ್ತ ಬಂದರು. "ಮೊದಲು ಓಡಿದಾಂವ ಯಾವನಲೇ?"

ಬಸಣ್ಣ ತಲೆ ಎತ್ತದೆ ಹೇಳಿದ: "ನಮ್ಮದೇನು ತಪ್ಪಿಲ್ರಿ ಸಾವ್ಕಾರ್ರ. ಸರ್ ಓಡಿದ್ರು ಅಂತ ನಾವೂ ಓಡಿದ್ವಿ. ಕೂಗಿದ್ದೂ ಸರ್ರೇ."

ನಿಜ. ತಾಡಪತ್ರಿಯ ಮೊದಲ ಮೂಲೆ ಹಿಡಿದವನು ನಾನೇ.

ಈಗ ರಾಯಚೂರಿನ ಕೋಚ್ ಬಂದಿದ್ದಾನೆ. ಮಳೆಯಲ್ಲಿ ಹೇಗೆ ಆಡಿಸಬೇಕೆಂದು ಅವನು ನನ್ನನ್ನು ಒಮ್ಮೆಯೂ ಕೇಳಿಲ್ಲ. ಕೇಳಿದ್ದರೆ ಒಂದೇ ಮಾತು ಹೇಳುತ್ತಿದ್ದೆ: ಮೋಡ ಕಂಡ ಕೂಡಲೇ ಮೊದಲು ಕೋಚನ್ನು ಗೂಟಕ್ಕೆ ಕಟ್ಟಿಹಾಕಬೇಕು.