ಉಳಿದ ಅರವತ್ತು ಚೆನ್ನಾಗಿವೆ

"ಗುರುಪಾದಾ, ಅಂಗಿ ಎತ್ತು!"

ಓಣಿಯ ಮಂದಿಯ ಎದುರಿಗೆ ನನಗೆ ಹೀಗೆ ಹೇಳುವ ಧೈರ್ಯ ಇರುವುದು ನನ್ನ ಅಕ್ಕನ ಗಂಡ ಮಲಕಾಜಪ್ಪನಿಗೆ ಮಾತ್ರ. ಬೇರೆಯವರು ಹೇಳಿದ್ದರೆ ಅವರ ಹಲ್ಲು ಎಣಿಸಿ ಕೈಗೆ ಕೊಡುತ್ತಿದ್ದೆ. ಆಸ್ಪತ್ರೆಗಳಲ್ಲಿ ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುವುದು ಅವನ ಕಸುಬು. ನೆಟ್ಟಗಿದ್ದ ಯಂತ್ರಗಳನ್ನು ಬಿಚ್ಚುವುದು ಅವನ ಚಟ.

ಅಂಗಿ ಎತ್ತಿದೆ. ಸೊಂಟಕ್ಕೆ ಒಂದು ಅಗಲವಾದ ಪಟ್ಟಿ ಕಟ್ಟಿದ. ಅದು ಕಿರ್ ಎಂದಿತು, ಕೆಮ್ಮಿತು, ಆಮೇಲೆ ನನ್ನ ಅಕ್ಕ ನೀಲವ್ವನ ದನಿಯಲ್ಲಿ ಮಾತಾಡಿತು!

"ತಮ್ಮಾ, ಮುಂಜಾನಿಂದ ಬರೇ ಚಾ ಕುಡದೀಯಲ್ಲೋ. ನಾ ನಿನ್ನ ಕಿಡ್ನಿ. ನನಗೊಂದು ತಂಬಿಗಿ ನೀರ ಹಾಕು."

ಮಂದಿ ಹೋ ಎಂದು ನಕ್ಕರು. ನಾನು ಕೆಂಪಾದೆ.

"ಮಾಮಾ, ಇದಕ್ಯಾಕ ಅಕ್ಕನ ದನಿ?"

"ಪುಕ್ಕಟೆ ಸಿಕ್ಕಿತು, ಹಾಕಿದೆ" ಎಂದ.

ಅಷ್ಟರಲ್ಲಿ ಅಕ್ಕ ಚಹಾದ ತಾಟು ಹಿಡಿದು ಬಂದಳು. ಕಾಲಿಗೆ ಗಂಡನ ಚಪ್ಪಲಿ. ಅವು ಚಟಪಟ ಬಡಿಯುತ್ತಿದ್ದುದಕ್ಕೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ಮಲಕಾಜಪ್ಪನ ಜೊತೆ ವನಮಾಲಾ ಎಂಬ ಡಾಕ್ಟರಬಾಯಿ ಬಂದಿದ್ದರು. ಅವರು ಬಿಡಿಸಿ ಹೇಳಿದರು. ನಮ್ಮದು ನೇಕಾರರ ಓಣಿ. ಪವರ್‌ಲೂಮಿನ ಮುಂದೆ ನಿಂತು ನಿಂತು ಸೊಂಟ ಹಿಡಿಯುತ್ತದೆ, ಕಡಲೆ ತಿಂದಂತೆ ನೋವಿನ ಗುಳಿಗೆ ನುಂಗುತ್ತೇವೆ. ಆ ಗುಳಿಗೆ ಕಿಡ್ನಿಗೆ ಸದ್ದಿಲ್ಲದೆ ಪೆಟ್ಟು ಕೊಡುತ್ತದೆ. ಕಾಲು ಬಾತು, ಉಸಿರು ಕಟ್ಟಿ, ಬಿಪಿ ಏರಿ ಆಸ್ಪತ್ರೆಗೆ ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಈ ಪಟ್ಟಿ ಮೊದಲೇ ಹೇಳುತ್ತದೋ ಇಲ್ಲವೋ, ಅದನ್ನು ಪರೀಕ್ಷೆ ಮಾಡಿ ನೋಡಬೇಕು. ಗೆದ್ದರೆ ನಾಡಿನ ಆಸ್ಪತ್ರೆಗಳಿಗೆಲ್ಲ ಹೋಗುತ್ತದೆ.

ಓಣಿಯಿಂದ ಮೂವತ್ತು ಮಂದಿ ಒಪ್ಪಿದೆವು. ಆಗ ಬಾಯಿ ಚೀಟಿ ಎತ್ತಿಸಿದರು. ಅರ್ಧ ಮಂದಿಗೆ ಮಾತಾಡುವ ಪಟ್ಟಿ, ಉಳಿದರ್ಧಕ್ಕೆ ಬರೀ ಬಟ್ಟೆಯ ಮೂಕ ಪಟ್ಟಿ! ಕಡೆಗೆ ಎರಡೂ ಗುಂಪನ್ನು ಹೋಲಿಸಿ ನೋಡುತ್ತಾರಂತೆ.

ನನಗೆ ಮೂಕ ಪಟ್ಟಿ ಬಂತು. ನೆತ್ತಿಗೆ ಪಿತ್ತ ಏರಿತು.

"ಇದೇನ್ರೀ ಬಾಯಿ, ಪಂಕ್ತಿಭೇದ? ಒಂದ ಸಾಲಿನ್ಯಾಗ ಕುಂಡ್ರಿಸಿ ಅವನ ಎಲಿಗೆ ಹೋಳಿಗಿ, ನನ್ನ ಎಲಿಗೆ ಬರೇ ಉಪ್ಪು?"

"ಹಂಗಲ್ಲಪ್ಪ, ಪರೀಕ್ಷೆ ಅಂದ್ರೆ ಹಿಂಗೇ ಮಾಡಬೇಕು..."

"ನಮ್ಮ ಓಣ್ಯಾಗ ಹಂಗ ನಡ್ಯಾಂಗಿಲ್ರೀ!"

ಆದರೂ ಅವರ ಎದುರಿಗೆ ಮೂಕ ಪಟ್ಟಿಯನ್ನೇ ಕಟ್ಟಿಕೊಂಡೆ. ಅವರ ಕಾರು ತಿರುವು ದಾಟಿದ್ದೇ ತಡ, ನೀರಿನ ಟಾಕಿಯ ಕಟ್ಟೆಗೆ ಎಲ್ಲರನ್ನೂ ಕರೆದು ನ್ಯಾಯ ಮಾಡಿದೆ. ದಿನಾ ಸಂಜೆ ಪಟ್ಟಿ ಅದಲುಬದಲು. ಎಲ್ಲರ ಕಿಡ್ನಿಗೂ ಸರತಿ. ಮಲಕಾಜಪ್ಪನಿಗೆ ಹೇಳಕೂಡದು. ಪರೀಕ್ಷೆ ಮುಗಿಯುವ ತನಕ ಅವನು ಮನೆ ಬಿಟ್ಟು ಹೊರಗೆ ಬರುವವನೂ ಅಲ್ಲ. ಪಡಸಾಲೆಯಲ್ಲಿ ಬೀರುವಿನಷ್ಟು ದೊಡ್ಡ ಡಬ್ಬಿ ಇಟ್ಟುಕೊಂಡಿದ್ದ. ಪಟ್ಟಿಗಳು ಕೇಳಿದ್ದೆಲ್ಲ ಗಾಳಿಯಲ್ಲೇ ಅದಕ್ಕೆ ಹೋಗಿ ಸೇರುತ್ತಿತ್ತು, ಅವು ಆಡುವ ಮಾತೂ ಅಲ್ಲಿಂದಲೇ ಬರುತ್ತಿತ್ತು. ಅದರ ಮುಂದೆ ಅವನು ಪೂಜಾರಿಯ ಹಾಗೆ ಕುಳಿತಿರುತ್ತಿದ್ದ.

ಡಬ್ಬಿಯ ತಲೆ ಕೆಡಲು ಬಹಳ ಹೊತ್ತು ಹಿಡಿಯಲಿಲ್ಲ. ನಿನ್ನೆ ಕೇಳಿದ ಕಿಡ್ನಿ ಇವತ್ತು ಇಲ್ಲ, ಇವತ್ತಿನದು ನಾಳೆ ಇನ್ನೊಂದು ಪಟ್ಟಿಯಲ್ಲಿ! ಮಗ್ಗ ನಡೆಸುತ್ತಿದ್ದ ಕಾಡಪ್ಪನಿಗೆ ಪಟ್ಟಿ, "ನೀ ಮೂರು ತಿಂಗಳ ಬಸುರಿ ಇರಬೇಕು" ಎಂದಿತು. ಅದು ಹಿಂದಿನ ದಿನ ಆ ಪಟ್ಟಿ ಕಟ್ಟಿಕೊಂಡಿದ್ದ ಅವನ ಸೊಸೆಗೆ ಹೇಳಬೇಕಾಗಿದ್ದ ಮಾತು. ಹೀಗಾಗಿ ಸುದ್ದಿ ಎಲ್ಲರಿಗಿಂತ ಮೊದಲು ಮಾವನಿಗೆ ಗೊತ್ತಾಯಿತು! ಕಾಡಪ್ಪ ಮಗ್ಗ ನಿಲ್ಲಿಸಿ ಪೇಡೆ ತರಲು ಓಡಿದ.

ಡಾಕ್ಟರಬಾಯಿ ಬಂದ ಒಂದು ಮುಂಜಾನೆ, ಸೀರೆ ನೇಯುತ್ತಿದ್ದ ನಮ್ಮ ಸೊಂಟದ ಮಾತಾಡುವ ಪಟ್ಟಿಗಳೆಲ್ಲ ಒಟ್ಟಿಗೆ, ಅಕ್ಕನ ದನಿಯಲ್ಲಿ, ಮಗ್ಗದ ಸದ್ದನ್ನೂ ಮೀರಿ ಕೂಗಿಕೊಂಡವು:

"ಕೇಳೋ ಯಪ್ಪಾ, ನಿನ್ನ ಎರಡು ಕಿಡ್ನಿ ಪೆಟ್ಟು ತಿಂದಾವು. ಬಾಳ ದಿನಾ ಆತು. ಆದ್ರ ಕಾಳಜಿ ಬ್ಯಾಡ. ಉಳಿದ ಅರವತ್ತು ಚಲೋ ಅದಾವು!"

ಮಗ್ಗಗಳು ನಿಂತವು. ಎಲ್ಲರೂ ಸೊಂಟ ಹಿಡಿದುಕೊಂಡು ಮಲಕಾಜಪ್ಪನ ಮನೆಗೆ ನುಗ್ಗಿದೆವು. ಅವನು ಡಬ್ಬಿಯ ಮುಂದೆ ಬೆಪ್ಪಾಗಿ ಕುಳಿತಿದ್ದ. ಇಡೀ ಓಣಿ ಒಬ್ಬನೇ ರೋಗಿ ಎಂದು ಡಬ್ಬಿ ತೀರ್ಮಾನ ಮಾಡಿಬಿಟ್ಟಿತ್ತು! ಇಷ್ಟೊಂದು ಇರುವಾಗ ಎರಡು ಕೆಟ್ಟರೆ ಅವಸರವೇನು ಎಂದು ಅದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿತ್ತು.

"ಪಟ್ಟಿ ಅದಲುಬದಲು ಮಾಡೀರಿ?" ಡಾಕ್ಟರಬಾಯಿಯ ಮುಖ ಬೆಳ್ಳಗಾಯಿತು. "ಇನ್ನ ಈ ಪರೀಕ್ಷೆ ಯಾರಿಗೂ ತೋರಿಸೋ ಹಂಗಿಲ್ಲ. ಅದು ಹೋಗಲಿ. ಪೆಟ್ಟು ತಿಂದದ್ದು ಯಾರದು? ಅದನ್ನ ಹೇಳ್ರಿ ಮೊದಲು!"

"ನಂದೇ ಇರಬೇಕ್ರಿ" ಎಂದ ಕಾಡಪ್ಪ. "ನಂದು" ಎಂದು ಇನ್ನೊಬ್ಬ. ಎಲ್ಲರಿಗೂ ಆಗಲೇ ಕಾಲು ಬಾತಂತೆ, ಉಸಿರು ಹಿಡಿದಂತೆ!

ನನಗೆ ಸಿಟ್ಟು ತಡೆಯಲಿಲ್ಲ. "ಮಾಮಾ, ನಿನ್ನ ಡಬ್ಬಿಗೆ ಸಾಲಿ ಲೆಕ್ಕಾನೂ ಬರಂಗಿಲ್ಲ! ನಾವು ಮೂವತ್ತು ಮಂದಿ. ಅರವತ್ತು ಕಿಡ್ನಿ. ಅರವತ್ತೂ ಚಲೋ ಇದ್ರ, ಕೆಟ್ಟವು ಎರಡು ಯಾರ ಮನ್ಯಾಗಿಂದ ಬಂದವು?"

ಹೇಳಿ ಬಾಯಿ ಮುಚ್ಚುವುದರೊಳಗೆ ನಾನೇ ಮಂದಿಯನ್ನು ಮತ್ತೆ ಎಣಿಸತೊಡಗಿದೆ: ಮೂವತ್ತೊಂದನೆಯವರು ಯಾರೋ ಪಟ್ಟಿ ಕಟ್ಟಿದ್ದರು.

ಕಾಡಪ್ಪ ತಲೆ ತಗ್ಗಿಸಿ ಮೆಲ್ಲಗೆ ಅಂದ: "ನೀನ ಹೇಳಿದ್ಯಲ್ಲೋ ಗುರುಪಾದಾ, ಪಂಕ್ತಿಭೇದ ಬ್ಯಾಡ ಅಂತ. ನಮ್ಮ ಸರತಿ ಒಂದು ಸುತ್ತು ಮುಗೀತು. ಬಡಿಸಿದವರ ಎಲಿ ಕಡೀಕ ಹಾಕಬೇಕಲ್ಲ? ದಿನಾ ಚಾ ಕೊಡಾಕಿ ನೀಲವ್ವ. ಆಕಿಗೂ ಒಂದಿನ ಕಟ್ಟಿದ್ವಿ."

ಅಡಿಗೆಮನೆಯಿಂದ ಚಪ್ಪಲಿ ಚಟಪಟ ಎನ್ನುವುದು ಕೇಳಿಸಿತು. ಅಕ್ಕ ತಾಟು ಹಿಡಿದು ಬಂದಳು. ಯಾರೂ ನಗಲಿಲ್ಲ. ಡಾಕ್ಟರಬಾಯಿ ಬಗ್ಗಿ ಅವಳ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದಲ್ಲಿ ಬಿದ್ದ ಗುಳಿ ಹಾಗೇ ಉಳಿಯಿತು. ಅವಳ ಸ್ವಂತ ಚಪ್ಪಲಿ ಹಿಡಿಸದಷ್ಟು ಕಾಲು ಬಾತಿತ್ತು; ಅದಕ್ಕೇ ಗಂಡನ ಚಪ್ಪಲಿ.

ವರ್ಷಗಟ್ಟಲೆ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತಿದವಳು. ಮೊಣಕಾಲಿಗೆಂದು ಗಂಡನ ಔಷಧಿ ಪೆಟ್ಟಿಗೆಯಿಂದಲೇ ನೋವಿನ ಗುಳಿಗೆ ತೆಗೆದು ನುಂಗುತ್ತಿದ್ದಳು. ಪರೀಕ್ಷೆಗೆ ಬಾ ಎಂದು ಅವಳನ್ನು ಯಾರೂ ಕರೆದಿರಲಿಲ್ಲ.

ಆಸ್ಪತ್ರೆಯಲ್ಲಿ ಜೀವ ಉಳಿಸಿದರು. ಕಿಡ್ನಿ ಪೂರ್ತಿ ಉಳಿಯಲಿಲ್ಲ. ಅವಳಿಗೆ ಪಟ್ಟಿ ಕಟ್ಟಿದ ದಿನವೇ ಡಬ್ಬಿ ಬಾಯಿ ಬಿಟ್ಟಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಎಂದರು ಡಾಕ್ಟರಬಾಯಿ. ನಾನು ಅದಲುಬದಲು ಮಾಡಿಸದಿದ್ದರೆ ಅವಳ ಸೊಂಟಕ್ಕೆ ಪಟ್ಟಿಯೇ ಬರುತ್ತಿರಲಿಲ್ಲ, ನಿಜ. ಮಾಡಿಸಿದ್ದರಿಂದಲೇ ಡಬ್ಬಿ ಸುಮ್ಮನಿತ್ತು, ಅದೂ ನಿಜ. ಯಾವುದಕ್ಕೆ ನನ್ನನ್ನು ನಾನು ಬೈದುಕೊಳ್ಳಲಿ? ಪರೀಕ್ಷೆಯಂತೂ ನಿಂತೇ ಹೋಯಿತು. ಪಟ್ಟಿ ಯಾವ ಆಸ್ಪತ್ರೆಗೂ ಹೋಗಲಿಲ್ಲ.

ಡಬ್ಬಿ ಮಾತ್ರ ತನ್ನ ಹಟ ಬಿಟ್ಟಿಲ್ಲ. ವೈರು ಕಿತ್ತರೂ ಹೇಗೋ ಬದುಕಿಕೊಂಡಿದೆ. ಓಣಿಯಲ್ಲಿ ಒಬ್ಬ ನೀರು ಕುಡಿಯದಿದ್ದರೆ ಇನ್ನೂ ಪಟ್ಟಿ ಬಿಚ್ಚದ ನಮ್ಮನ್ನೆಲ್ಲ ಬೈಯುತ್ತದೆ. ಎಲ್ಲರೂ ಮಗ್ಗ ನಿಲ್ಲಿಸಿ ತಂಬಿಗೆ ಎತ್ತುತ್ತೇವೆ. ಅಕ್ಕನಿಗೆ ಮಾತ್ರ ದಿನಕ್ಕೆ ಇಷ್ಟೇ ನೀರು ಎಂದು ಅಳತೆ.

ಮೊನ್ನೆ ಮಲಕಾಜಪ್ಪ ಅವಳ ಕಾಲ ಬಳಿ ಕೂತು ಮತ್ತೆ ಅದನ್ನೇ ಕೇಳಿದ. "ಕಾಲು ಬಾತೈತಿ, ದಣಿವಾಗತೈತಿ ಅಂತ ನನಗ ಒಂದ ಮಾತು ಹೇಳಬಾರದಾಗಿತ್ತೇನ ನೀಲಾ?"

ಅಕ್ಕ ಅಳತೆಯ ಲೋಟದಿಂದ ಒಂದು ಗುಟುಕು ಕುಡಿದಳು.

"ಹೇಳಿದ್ದೆನಲ್ಲ. ಆದ್ರ ಆವಾಗ ನಾ ಪಟ್ಟಿ ಕಟಗೊಂಡಿರಲಿಲ್ಲ."